ಚಳಿಗಾಲದ ಮೋಡಗಳೂ ರಾಗಿಯ ಕೊಯ್ಲೂ

ದಕ್ಷಿಣ ಮೈದಾನ ಪ್ರಾಂತದಲ್ಲಿ ರಾಗಿಯು ಕೊಯ್ಲಿಗೆ ಬರುವ ಕಾಲವೂ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುವು. ಆದ್ದರಿಂದ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಆಕಾಶವನ್ನು ಸರಿಯಾಗಿ ಓದಬಲ್ಲ ರೈತನ ಫಸಲು ಕಣವನ್ನು ಸೇರುವುದು; ಓದಲಾರದವನ ಫಸಲು ಹೊಲದಲ್ಲಿಯೇ ಮೊಳೆಯುವುದು. 2021ನೆಯ ಇಸವಿಯ ನವೆಂಬರ್ ಮಳೆಯಲ್ಲಿ ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಮೊದಲಾದ ಜಿಲ್ಲೆಗಳಲ್ಲಿ ರಾಗಿಯು ನೆಲಕಚ್ಚಿ, ತೆನೆಯಲ್ಲಿಯೇ ಮೊಳಕೆಯೊಡೆದುದನ್ನು ಯಾರೂ ಮರೆತಿರಲಾರರು. ಅಂತಹ ಮಹಾವೃಷ್ಟಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ವರ್ಷವರ್ಷವೂ ಸಂಭವಿಸುವ ಸಣ್ಣ ನಷ್ಟಗಳಲ್ಲಿ ಅನೇಕವು ಮೋಡದ ಜಾತಿಯನ್ನು ಗುರುತಿಸದೆ ಕುಡುಗೋಲು ಹಿಡಿದುದರ ಫಲವೆಂದು ಹೇಳಬೇಕಾಗಿದೆ.

ಮೋಡವೆಂಬುದು ಆವಿಯಲ್ಲ, ಆವಿಯು ಕಣ್ಣಿಗೆ ಕಾಣಿಸದು. ತೇವವುಳ್ಳ ಗಾಳಿಯು ಮೇಲಕ್ಕೇರಿದಂತೆಲ್ಲಾ ಹಿಗ್ಗಿ, ಪ್ರತಿ ಸಾವಿರ ಅಡಿಗೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಮೇರೆಗೆ ತಣಿಯುವುದು. ಒಂದು ಎತ್ತರದಲ್ಲಿ ಅದು ತನ್ನ ತೇವವನ್ನು ಹೊರಲಾರದೆ ಹೋಗಿ, ಧೂಳು, ಹೊಗೆ, ಸಮುದ್ರದ ಉಪ್ಪು ಇವುಗಳ ಸೂಕ್ಷ್ಮ ಕಣಗಳ ಮೇಲೆ ಅತಿ ಚಿಕ್ಕ ಹನಿಗಳನ್ನು ಕಟ್ಟುವುದು. ಇಂತಹ ಸುಮಾರು ಹತ್ತು ಲಕ್ಷ ಹನಿಗಳು ಕೂಡಿದ ಹೊರತು ಒಂದು ಮಳೆಯ ಹನಿಯಾಗದು. ಈ ಕಾರಣದಿಂದಲೇ ಕಂಡ ಮೋಡವೆಲ್ಲಾ ಮಳೆಯನ್ನು ಕರೆಯುವುದಿಲ್ಲ.

ಇಂಗ್ಲೆಂಡಿನ ಲ್ಯೂಕ್ ಹೋವರ್ಡ್ ಎಂಬಾತನು 1803ರಲ್ಲಿ ಪ್ರಕಟಿಸಿದ ವಿಂಗಡಣೆಯೇ ಇಂದಿಗೂ ಮೋಡಗಳ ನಾಮಕರಣಕ್ಕೆ ಆಧಾರವಾಗಿದೆ. ರೈತನ ಮಟ್ಟಿಗೆ ಮೂರು ಜಾತಿಗಳನ್ನು ತಿಳಿದರೆ ಸಾಕು. ಇಪ್ಪತ್ತು ಸಾವಿರ ಅಡಿಗೂ ಮೇಲೆ, ಹಿಂಜಿದ ಅರಳೆಯ ಎಳೆಗಳಂತೆ ಕಾಣುವುದು ಹಿಮಕಣಗಳ ಮೋಡ. ಇದು ತಾನಾಗಿ ಮಳೆ ಕೊಡದು. ಆದರೆ ಇದು ಹರಡುತ್ತಾ, ದಿನದಿಂದ ದಿನಕ್ಕೆ ದಪ್ಪನಾಗಿ, ಚಂದ್ರನ ಸುತ್ತ ಪರಿವೇಷವನ್ನು ಕಟ್ಟಿ, ಅದರ ಕೆಳಗೆ ಬೂದು ಹಾಸು ಮೂಡತೊಡಗಿದರೆ, ಕೊಲ್ಲಿಯ ಕಡೆಯಿಂದ ಕೆಟ್ಟ ಹವೆಯು ಬರುತ್ತಿರಬಹುದೆಂದು ಎಚ್ಚರಗೊಳ್ಳತಕ್ಕದ್ದು.

ಎರಡನೆಯದು ರಾಶಿಮೋಡ. ಬಿಸಿಲಿಗೆ ಕಾದ ನೆಲದಿಂದ ಗಾಳಿಯು ಎದ್ದು, ತಳ ಚಪ್ಪಟೆಯಾಗಿ, ತಲೆ ಗುಡ್ಡೆಯಾಗಿ ಇದು ಹುಟ್ಟುವುದು. ಚಳಿಗಾಲದಲ್ಲಿ ಇದರ ತಲೆಯು ಬೆಳೆಯದೆ ಸಂಜೆಗೆ ಕರಗಿಹೋದರೆ ಭಯವಿಲ್ಲ. ಸ್ವಾತಿ, ವಿಶಾಖಾ ನಕ್ಷತ್ರಗಳ ಕಾಲದಲ್ಲಿ ಮೂಡಣ ಗಾಳಿಯು ತೇವವನ್ನು ತಂದಾಗ ಮಾತ್ರ ಇದು ಗೋಪುರದಂತೆ ಬೆಳೆದು ಗುಡುಗು ಸಿಡಿಲುಗಳೊಡನೆ ಸುರಿಯುವುದು.

ಮೂರನೆಯದು ಪದರು ಮೋಡ. ನಷ್ಟಕ್ಕೆ ಹೆಚ್ಚಾಗಿ ಕಾರಣವಾಗುವುದೂ, ಅಲಕ್ಷ್ಯಕ್ಕೆ ಹೆಚ್ಚಾಗಿ ಗುರಿಯಾಗುವುದೂ ಇದೇ. ಜನರು ಕರಿಯ ಮೋಡಕ್ಕೆ ಹೆದರುವಷ್ಟು ಈ ಬೂದು ಮೋಡಕ್ಕೆ ಹೆದರುವುದಿಲ್ಲ. ಗುಡುಗಿನ ಮಳೆಯು ಹೆಚ್ಚಾಗಿ ಒಂದೆರಡು ಗಳಿಗೆ ಸುರಿದು ಮುಗಿಯುವುದು. ಮರುದಿನ ಬಿಸಿಲು ಬಂದರೆ ತೆನೆಯು ಒಣಗುವುದು. ಪದರು ಮೋಡವಾದರೋ ಎರಡು ಮೂರು ದಿನ ಸೂರ್ಯನನ್ನು ಮರೆಮಾಡಿ, ತುಂತುರು ಹನಿಸಿ, ಅರಿಯಾಗಿ ಬಿದ್ದಿರುವ ರಾಗಿಯನ್ನು ಒಣಗಗೊಡದು. ಮಳೆಮಾಪಕದಲ್ಲಿ ಅಳತೆ ಅಲ್ಪ. ಆದರೆ ಕಾಳು ಬೂಷ್ಟು ಹಿಡಿದು, ಹುಲ್ಲು ಕಪ್ಪಾಗಿ, ದನಗಳಿಗೂ ಬೇಡವಾಗುವುದು. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತವು ಮಾಮಲ್ಲಪುರದ ಬಳಿ ದಡವನ್ನು ದಾಟಿದಾಗ ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಕವಿದದ್ದು ಇಂತಹ ಹವೆಯೇ. ಅನುರಾಧಾ ನಕ್ಷತ್ರವು ಆ ವೇಳೆಗೆ ಕಳೆದುಹೋಗಿದ್ದಿತು. ಪಂಚಾಂಗದ ಮಳೆ ಮುಗಿಯಿತೆಂದು ನಂಬಿ ಕೊಯ್ಯುವುದು ಎಷ್ಟು ಅಪಾಯಕರವೆಂಬುದು ಇದರಿಂದ ವಿಶದವಾಗುವುದು.

ಇದಕ್ಕೆ ವಿರುದ್ಧವಾಗಿ, ಮುಂಜಾನೆಯ ಕಾವಳಕ್ಕೆ ಕೆಲವರು ಅನಾವಶ್ಯಕವಾಗಿ ಹೆದರುವರು. ಕಾವಳವು ನೆಲಕ್ಕೆ ತಾಕಿದ ಮೋಡವೇ ಸರಿ. ಆದರೆ ಕೆರೆಯಂಗಳದಲ್ಲಿಯೂ ತಗ್ಗಿನಲ್ಲಿಯೂ ಕಾಣುವ ಚಳಿಗಾಲದ ಕಾವಳವು ಬಹುಮಟ್ಟಿಗೆ ರಾತ್ರಿಯ ಆಕಾಶವು ನಿರ್ಮಲವಾಗಿದ್ದು, ನೆಲವು ತನ್ನ ಶಾಖವನ್ನು ಬಿಟ್ಟುಕೊಟ್ಟುದರ ಗುರುತು. ಹೊತ್ತೇರಿದ ಮೇಲೆ ಅದು ಚೆದರಿ, ಬಿಸಿಲು ಕಾಯುವುದು. ಇಬ್ಬನಿಯು ಆರುವವರೆಗೆ ತಾಳಿ ಕೊಯ್ಲನ್ನು ಆರಂಭಿಸಲು ಅಡ್ಡಿಯಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬೂದು ಹಾಸು ಕವಿದಿರುವಾಗ ಕೊಯ್ಯದಿರುವುದೇ ಮೇಲು. ನಿಂತ ಪೈರಿಗಿಂತ ನೆಲದ ಮೇಲೆ ಮಲಗಿದ ಪೈರಿಗೆ ಹಾನಿ ಹೆಚ್ಚು. ಈಗಾಗಲೇ ಕೊಯ್ದಿದ್ದರೆ, ಎತ್ತರದ ಜಾಗದಲ್ಲಿ ತೆನೆಗಳು ಒಳಮುಖವಾಗಿರುವಂತೆ ಗುಪ್ಪೆ ಹಾಕಿ, ಮೇಲೆ ಹೊದಿಸಿ, ಬಿಸಿಲು ಬಂದೊಡನೆ ಬಿಚ್ಚಿ ಒಣಗಿಸತಕ್ಕದ್ದು. ಹಸಿಯಾದ ರಾಗಿಯನ್ನು ಮೆದೆಗೆ ಏರಿಸಲೇಕೂಡದು.

ಇದರಲ್ಲಿ ಗ್ರಾಮದ ಮುಖಂಡರ ಹಾಗೂ ದೊಡ್ಡ ಹಿಡುವಳಿದಾರರ ಹೊಣೆಯು ವಿಶೇಷವಾದುದು. ಆಳುಗಳನ್ನೂ ಯಂತ್ರವನ್ನೂ ಮೊದಲು ಕರೆಸುವವರು ಅವರೇ. ಅವರು ಕೊಯ್ದ ದಿನವೇ ಊರಿನ ಬಡ ರೈತನೂ ಕೊಯ್ಯುವನು. ದೊಡ್ಡವರ ಅವಸರದ ದಂಡವನ್ನು ಚಿಕ್ಕವರು ತೆರುವುದು ನ್ಯಾಯವಲ್ಲ. ಭಾರತ ಹವಾಮಾನ ಇಲಾಖೆಯು ಕೃಷಿ ವಿಶ್ವವಿದ್ಯಾನಿಲಯಗಳೊಡನೆ ಸೇರಿ ಮಂಗಳವಾರ ಮತ್ತು ಶುಕ್ರವಾರಗಳಂದು ಸಾಗುವಳಿಗಾರರಿಗಾಗಿ ಹವಾಮಾನದ ಸಲಹೆಯನ್ನು ಹೊರಡಿಸುವುದು. ಅದನ್ನು ಪಂಚಾಯಿತಿಯ ಬಾಗಿಲಲ್ಲಿ ಅಂಟಿಸಿ, ಓದಲಾರದವರಿಗೆ ಓದಿ ಹೇಳಿಸಿದರೆ ಖರ್ಚೇನೂ ಇಲ್ಲ. ಹಿರಿಯರ ಅನುಭವವನ್ನು ತಿರಸ್ಕರಿಸಬೇಕೆಂದು ಇದರ ಅರ್ಥವಲ್ಲ. ಅವರು ಗಾಳಿಯ ದಿಕ್ಕನ್ನೂ ಮೋಡದ ಬಣ್ಣವನ್ನೂ ಗಮನಿಸಿಯೇ ಮಾತನಾಡುತ್ತಿದ್ದರು. ಅದೇ ಗಮನಕ್ಕೆ ಈ ಸಲಹೆಯನ್ನು ಜೋಡಿಸಿಕೊಂಡಲ್ಲಿ, ಹಲವು ತಿಂಗಳ ಬೆವರು ಮೂರು ದಿನದ ತುಂತುರಿಗೆ ಬಲಿಯಾಗುವುದು ಬಹಳಮಟ್ಟಿಗೆ ತಪ್ಪೀತು.