ಕುಂದಗೋಳದಿಂದ ಹುಬ್ಬಳ್ಳಿಗೆ ನಾಲ್ಕೂವರೆ ತಾಸು

ಕುಂದಗೋಳದ ಸವಾಯಿ ಗಂಧರ್ವರು 1942ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿಯವರನ್ನು ನಾಡಿಗೆ ಕೊಟ್ಟ ಆ ಗುರುವಿನ ಕಛೇರಿ ಜೀವನ ಅಲ್ಲಿಗೆ ಮುಗಿಯಿತು. ಹತ್ತು ವರ್ಷಗಳ ನಂತರ, 1952ರಲ್ಲಿ ಅವರು ತೀರಿಕೊಂಡರು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ರೋಗಿಯ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಎಂದು ಖಚಿತವಾಗಿ ತಿಳಿಯುವ ಉಪಾಯವೇ ಆಗ ಇರಲಿಲ್ಲ. ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ತೋರಿಸಿದ್ದು 1971ರಲ್ಲಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಪಾರ್ಶ್ವವಾಯುವಿಗೆ ಫಲಕಾರಿ ಎಂಬುದು 1995ರಲ್ಲಿ ಸಾಬೀತಾಯಿತು. ಅದನ್ನು ಮೂರರ ಬದಲು ನಾಲ್ಕೂವರೆ ತಾಸಿನವರೆಗೂ ಕೊಡಬಹುದೆಂದು 2008ರ ಅಧ್ಯಯನ ತಿಳಿಸಿತು. ದೊಡ್ಡ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಹೆಪ್ಪನ್ನೇ ಹೊರಗೆಳೆಯುವ ವಿಧಾನ 2015ರಲ್ಲಿ ಮಾನ್ಯತೆ ಪಡೆಯಿತು.

ಇಷ್ಟೆಲ್ಲ ಆಗಿಯೂ ಧಾರವಾಡ ಜಿಲ್ಲೆಯ ಹಳ್ಳಿಯವನ ಪಾಲಿಗೆ ಕಾಲ 1942ರಲ್ಲೇ ನಿಂತಂತಿದೆ.

ದೂರವೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಈ ಜಿಲ್ಲೆಯ ಮಟ್ಟಿಗೆ ಆ ಮಾತು ಅರ್ಧ ಮಾತ್ರ ನಿಜ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಈ ನಾಲ್ಕೂ ಪಟ್ಟಣಗಳಿಂದ ಹುಬ್ಬಳ್ಳಿ ಹೆಚ್ಚೆಂದರೆ ಒಂದು ತಾಸಿನ ದಾರಿ. ಬೆಣ್ಣೆಹಳ್ಳ ಉಕ್ಕಿದಾಗ ನವಲಗುಂದದ ಕಡೆಯ ಊರುಗಳ ದಾರಿ ಕಡಿದುಹೋಗುವುದುಂಟು, ಆದರೆ ವರ್ಷದ ಉಳಿದ ದಿನಗಳಲ್ಲಿ ರಸ್ತೆ ಇದೆ. 108ರ ವಾಹನವೂ 2008ರಿಂದ ಓಡಾಡುತ್ತಿದೆ. ಹಾಗಾದರೆ ಆ ನಾಲ್ಕೂವರೆ ತಾಸು ಎಲ್ಲಿ ಕಳೆದುಹೋಗುತ್ತದೆ?

ಮೊದಲು ಮನೆಯಲ್ಲಿ. ಹೊಲಕ್ಕೆ ಹೊರಟವನ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದರೆ ಮನೆಯವರು ‘ಗಾಳಿ ಬಡಿದಿದೆ’ ಎನ್ನುತ್ತಾರೆ, ‘ಲಕ್ವಾ ಹೊಡೆದಿದೆ’ ಎನ್ನುತ್ತಾರೆ. ಎಣ್ಣೆ ತಿಕ್ಕುವವರಿದ್ದಾರೆ, ಪಾರಿವಾಳದ ರಕ್ತ ಹಚ್ಚುವವರಿದ್ದಾರೆ, ಗುಣಪಡಿಸುವ ಊರೊಂದರ ಹೆಸರು ಹೇಳುವವರಿದ್ದಾರೆ. ನೋವಿಲ್ಲದ ಕಾಯಿಲೆ ಇದು. ಎದೆ ಹಿಡಿದುಕೊಂಡವನಿಗಾಗಿ ಓಡುವ ಕಾಲುಗಳು ಕೈ ಜೋಮು ಹಿಡಿದವನಿಗಾಗಿ ಓಡುವುದಿಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಪ್ರೀತಿಯಿಂದ ಕುಡಿಸುವ ನೀರು. ನುಂಗುವ ಶಕ್ತಿ ಕುಂದಿದವನಿಗೆ ಕೊಟ್ಟ ಆ ಗುಟುಕು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಪಾರ್ಶ್ವವಾಯುವಿನಿಂದ ಬದುಕುಳಿದವನನ್ನು ಒಯ್ಯುವುದು ಎಷ್ಟೋ ಸಲ ಈ ನ್ಯುಮೋನಿಯಾವೇ.

ಆಮೇಲೆ ದಾರಿಯಲ್ಲಿ. ಸ್ಕ್ಯಾನ್ ಇಲ್ಲದ ದವಾಖಾನೆಗೆ ಮೊದಲು, ಅಲ್ಲಿಂದ ಇನ್ನೊಂದಕ್ಕೆ. ಸಲೈನ್ ಹಚ್ಚಿ ‘ಬೆಳಗ್ಗೆ ನೋಡೋಣ’ ಎಂದರೆ ಅಲ್ಲಿಗೆ ಕಥೆ ಮುಗಿಯಿತು. ಕೊನೆಗೆ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ, ಚೀಟಿ ಮಾಡಿಸುವ ಸಾಲಿನಲ್ಲಿ, ಔಷಧಕ್ಕೆ ಹತ್ತಾರು ಸಾವಿರ ಹೊಂದಿಸುವ ಫೋನುಗಳಲ್ಲಿ.

ಇಲ್ಲಿ ತಜ್ಞವೈದ್ಯನ ವೃತ್ತಿಜೀವನದ ಪ್ರಶ್ನೆ ಬರುತ್ತದೆ. ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ನರರೋಗಶಾಸ್ತ್ರದ ಡಿ.ಎಂ.ಗೆ ಮತ್ತೆ ಮೂರು. ಪಾರ್ಶ್ವವಾಯು ಇಲ್ಲವೇ ತೀವ್ರನಿಗಾ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಬೇಕೆಂದರೆ ಇನ್ನೂ ಒಂದೆರಡು ವರ್ಷ. ಹನ್ನೆರಡು ವರ್ಷ ಓದಿ ಬಂದವರು ನವಲಗುಂದದಲ್ಲಿ ನೆಲೆಸಲಿ ಎಂದು ಭಾಷಣ ಮಾಡುವುದು ಸುಲಭ. ನೂರನಲವತ್ತು ಕೋಟಿ ಜನರ ದೇಶದಲ್ಲಿ ನರರೋಗ ತಜ್ಞರು ಕೆಲವೇ ಸಾವಿರ. ಅಲ್ಲದೆ ಈ ಚಿಕಿತ್ಸೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ರಕ್ತದೊತ್ತಡ, ಸಕ್ಕರೆ, ನುಂಗುವಿಕೆ, ಮಿದುಳಿನ ಬಾವು ಇವನ್ನು ಹಗಲಿರುಳು ಕಾಯುವ ದಾದಿಯರು ಬೇಕು. ಅಂಥ ಪ್ರತ್ಯೇಕ ವಾರ್ಡು ಇದ್ದ ಕಡೆ, ಹೆಪ್ಪು ಕರಗಿಸುವ ಮದ್ದು ಸಿಗದವರೂ ಹೆಚ್ಚು ಬದುಕುತ್ತಾರೆಂಬುದು ಬಹುಕಾಲದಿಂದ ತಿಳಿದ ಸಂಗತಿ. ತಜ್ಞನೊಬ್ಬನನ್ನು ಸ್ಕ್ಯಾನ್ ಇಲ್ಲದ ಊರಿನಲ್ಲಿ ಕೂರಿಸಿದರೆ ರೋಗಿಗೂ ಲಾಭವಿಲ್ಲ, ಅವನ ವಿದ್ಯೆಯೂ ತುಕ್ಕು ಹಿಡಿಯುತ್ತದೆ.

ಬೇಕಾಗಿರುವುದು ತಜ್ಞನ ಕಣ್ಣು, ಅವನ ವಾಸವಲ್ಲ. ಹಿಮಾಚಲ ಪ್ರದೇಶ ಇದನ್ನು 2014ರಿಂದಲೇ ಮಾಡಿ ತೋರಿಸಿದೆ. ಅಲ್ಲಿ ಸ್ಕ್ಯಾನ್ ಇರುವ ಜಿಲ್ಲಾ ಆಸ್ಪತ್ರೆಯ ವೈದ್ಯರು ಮೊಬೈಲಿನಲ್ಲಿ ಚಿತ್ರ ಕಳಿಸುತ್ತಾರೆ, ದೂರದ ನರರೋಗ ತಜ್ಞರು ನೋಡಿ ಸಲಹೆ ಕೊಡುತ್ತಾರೆ, ಸ್ಥಳೀಯ ವೈದ್ಯರೇ ಉಚಿತವಾಗಿ ಚುಚ್ಚುಮದ್ದು ಕೊಡುತ್ತಾರೆ. ನಮ್ಮವರಿಗೂ ಈ ಹಾದಿ ಹೊಸದಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಅಗ್ಗದ ಮಾತ್ರೆಗಳಿಂದಲೇ ರೋಗ ಹತೋಟಿಗೆ ತಂದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ತತ್ತ್ವದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ., ದೂರದಲ್ಲಿ ತಜ್ಞ, ಸ್ಥಳದಲ್ಲೇ ಟೆನೆಕ್ಟೆಪ್ಲೇಸ್ ಉಚಿತ. ಪಾರ್ಶ್ವವಾಯುವಿಗೂ ಬಳಕೆಯಾಗುವ ಮದ್ದು ಅದೇ, ಪ್ರಮಾಣ ಮಾತ್ರ ಬೇರೆ.

ಹೃದಯದ ಯೋಜನೆಯನ್ನು ಹಾಗೆಯೇ ಮಿದುಳಿಗೆ ಅಂಟಿಸಲಾಗದು ಎಂಬುದೂ ನಿಜ. ರಕ್ತ ಸೋರುತ್ತಿರುವವನಿಗೆ ಈ ಮದ್ದು ಕೊಟ್ಟರೆ ಕೊಂದಂತೆಯೇ. ಸ್ಕ್ಯಾನ್ ಇಲ್ಲದೆ ಸೂಜಿ ಎತ್ತುವಂತಿಲ್ಲ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಅನುಕೂಲ ಇರುವುದೇ ಇಲ್ಲಿ, ಸ್ಕ್ಯಾನ್ ಒಂದು ತಾಸಿನ ದೂರದಲ್ಲಿದೆ. ತಾಲ್ಲೂಕು ವೈದ್ಯ ಸಕ್ಕರೆ ಪರೀಕ್ಷಿಸಿ (ಸಕ್ಕರೆ ಇಳಿದಾಗಲೂ ಇಂಥದೇ ಲಕ್ಷಣ ಕಾಣುತ್ತದೆ), ಲಕ್ಷಣ ಆರಂಭವಾದ ಹೊತ್ತು ಬರೆದುಕೊಂಡು, ಬಾಯಿಗೆ ಏನೂ ಹಾಕದಂತೆ ತಾಕೀತು ಮಾಡಿ, ಹುಬ್ಬಳ್ಳಿಗೆ ಫೋನು ಮಾಡಿ ಕಳಿಸಿದರೆ ಸಾಕು. ಅಲ್ಲಿ ರೋಗಿ ಸಾಲಿಗಲ್ಲ, ನೇರವಾಗಿ ಸ್ಕ್ಯಾನಿಗೆ ಹೋಗಬೇಕು. ಹಣದ ಮಾತು ಚುಚ್ಚುಮದ್ದಿನ ನಂತರ.

ಆ ಫೋನನ್ನು ರಾತ್ರಿ ಎರಡಕ್ಕೆ ಎತ್ತುವವರು ಯಾರು ಎಂಬುದೇ ಉಳಿಯುವ ಪ್ರಶ್ನೆ. ಹುಬ್ಬಳ್ಳಿಯಲ್ಲಿ 1957ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಧಾರವಾಡದ ಡಿಮ್ಹಾನ್ಸ್‌ನ ಹೆಸರಿನಲ್ಲೇ ನರವಿಜ್ಞಾನವಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಆರಂಭಿಸಿದೆ. ದೂರವಾಣಿ ಪಾಳಿಯನ್ನು ಉಪಕಾರವೆಂದು ಬಗೆಯದೆ ಕರ್ತವ್ಯದ ಪಟ್ಟಿಗೆ ಸೇರಿಸಿ, ಭತ್ಯೆ ಕೊಟ್ಟು, ಬಡ್ತಿಗೂ ಪರಿಗಣಿಸಿದರೆ ಯುವ ತಜ್ಞರು ಸರ್ಕಾರಿ ಸೇವೆಗೆ ಬೆನ್ನು ಹಾಕುವುದಕ್ಕೆ ಒಂದು ಕಾರಣವಾದರೂ ಕಡಿಮೆಯಾಗುತ್ತದೆ. ಖಾಸಗಿ ವೈದ್ಯರನ್ನೂ ಗೌರವಧನದ ಮೇಲೆ ಪಾಳಿಗೆ ಸೇರಿಸಬಹುದು. ಪ್ರಯೋಗಕ್ಕೆ ಇಡೀ ರಾಜ್ಯ ಬೇಕಿಲ್ಲ, ಈ ನಾಲ್ಕು ತಾಲ್ಲೂಕು ಸಾಕು. ಮೊದಲ ತಿಂಗಳು ಬೇಕಾಗುವುದು ಒಂದು ಫೋನ್ ಸಂಖ್ಯೆ, ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ, ಮತ್ತು ಲಕ್ಷಣ ಆರಂಭವಾದ ಹೊತ್ತಿನಿಂದ ಸೂಜಿ ಚುಚ್ಚಿದ ಹೊತ್ತಿನವರೆಗೆ ಎಷ್ಟು ನಿಮಿಷವಾಯಿತೆಂದು ಬರೆದಿಡುವ ಒಂದು ವಹಿ.