ಬೋಳುಗುಡ್ಡವಲ್ಲ ಕುದುರೆಮುಖ

ಕಡಲ ಕಡೆಯಿಂದ ನೋಡಿದವರಿಗೆ ಬೆಟ್ಟ ಕುದುರೆಯ ಮೋರೆಯಂತೆ ಕಂಡಿತಂತೆ, ಹೆಸರು ನಿಂತಿತು. ಚಿಕ್ಕಮಗಳೂರು ಜಿಲ್ಲೆಯ ಈ ಶಿಖರದ ಎತ್ತರ ಸುಮಾರು 1,890 ಮೀಟರ್. ನೆತ್ತಿಯ ಮೇಲೆ ಬರೀ ಹುಲ್ಲು, ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು.

ಹುಲ್ಲನ್ನು ಕಂಡು ‘ಬೋಳುಗುಡ್ಡ’ ಎಂದು ಮೂಗು ಮುರಿಯುವವರುಂಟು. ವರ್ಷಕ್ಕೆ ಕೆಲವೆಡೆ 7,000 ಮಿಲಿಮೀಟರಿನಷ್ಟು ಸುರಿಯುವ ಮಳೆಯನ್ನು ಹೀರಿಕೊಂಡು, ಕೆಳಗಿನ ಶೋಲಾಕ್ಕೆ ನಿಧಾನವಾಗಿ ಜಿನುಗಿಸುವುದು ಈ ಹುಲ್ಲೇ. ಬೇಸಿಗೆಯಲ್ಲೂ ಹಳ್ಳಗಳು ಹರಿಯುವ ಗುಟ್ಟು ಅಲ್ಲಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಆಸುಪಾಸಿನಲ್ಲಿ. ಮೊದಲಿಬ್ಬರು ಬೇರೆ ಬೇರೆ ದಾರಿ ಹಿಡಿದು ಕೂಡಲಿಯಲ್ಲಿ ಒಂದಾಗುತ್ತಾರೆ. ನೇತ್ರಾವತಿ ಪಡುವಣಕ್ಕೆ ತಿರುಗಿ ಮಂಗಳೂರಿನ ಬಳಿ ಕಡಲು ಸೇರುತ್ತಾಳೆ.

ಇಳಿಜಾರಿನ ನಿತ್ಯಹಸುರು ಕಾಡು ಸಿಂಗಳೀಕಗಳ ಮನೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇವು ಇಲ್ಲ. ಸಂಸಾರವೆಲ್ಲ ಕೊಂಬೆಗಳ ಮೇಲೆಯೇ, ನೆಲಕ್ಕಿಳಿಯುವುದು ಅಪರೂಪ. ನಡುವೆ ಒಂದು ರಸ್ತೆ ಸೀಳಿದರೂ ಇವುಗಳ ಪಾಲಿಗೆ ಊರು ಎರಡಾದಂತೆ.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೂ ಕಬ್ಬಿಣದ ಅದಿರಿನ ಅಗೆತ ನಿಲ್ಲಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ಮುಚ್ಚಿದ್ದು 2005ರ ಕೊನೆಗೆ. ಅದಿರು ತೊಳೆದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ತುಂಬಿಕೊಂಡಿದೆ. ಅಣೆಕಟ್ಟಿನ ಕೆಳಗೆ ಹರಿಯುವುದು ಭದ್ರೆ.