ಪಿತೃಋಣವೂ ಪಿತೃಭಯವೂ



ಭಾದ್ರಪದ ಬಹುಳ ಪಕ್ಷ ಬಂದಿತೆಂದರೆ ನಾಡಿನ ಮನೆಮನೆಗಳಲ್ಲಿ ಗತಿಸಿದ ಹಿರಿಯರ ನೆನಪು ಮೂಡುತ್ತದೆ. ಪ್ರತಿಪದೆಯಿಂದ ಮಹಾಲಯ ಅಮಾವಾಸ್ಯೆಯವರೆಗಿನ ಈ ದಿನಗಳಿಗೆ ಪಿತೃಪಕ್ಷವೆಂದು ಹೆಸರು. ಗೋಕರ್ಣದಲ್ಲಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ದೂರದ ಗಯೆಯ ಫಲ್ಗು ನದಿಯ ದಂಡೆಯಲ್ಲಿ ಎಳ್ಳುನೀರು ಬಿಡುವವರ ಸಂದಣಿ ಸೇರುತ್ತದೆ. ಇದನ್ನು ತಮ್ಮ ಕುಲಧರ್ಮವೆಂದು ನಂಬಿ ಶ್ರದ್ಧೆಯಿಂದ ಆಚರಿಸುವವರೊಡನೆ ನಮಗೆ ಜಗಳವಿಲ್ಲ. ನಮ್ಮ ಪ್ರಶ್ನೆ ಇರುವುದು ನಿಮ್ಮೊಡನೆ. ಕೊರಳಲ್ಲಿ ಇಷ್ಟಲಿಂಗವನ್ನೂ ಹಣೆಯಲ್ಲಿ ವಿಭೂತಿಯನ್ನೂ ಧರಿಸಿರುವ ನೀವು ಆ ಸಂದಣಿಯಲ್ಲಿ ಏಕೆ ನಿಂತಿರುವಿರಿ?

ಉತ್ತರಿಸುವ ಮೊದಲು ಶ್ರಾದ್ಧವೆಂದರೇನೆಂದು ತಿಳಿಯಿರಿ. ತಿಳಿಯದೆ ಖಂಡಿಸುವುದು ಹೇಗೆ ಅವಿವೇಕವೋ, ತಿಳಿಯದೆ ಅನುಸರಿಸುವುದೂ ಹಾಗೆಯೇ ಅವಿವೇಕ. ಸ್ಮೃತಿಕಾರರ ಮತದಂತೆ ಸತ್ತವನು ಮೊದಲು ಪ್ರೇತನಾಗಿರುತ್ತಾನೆ. ಸಪಿಂಡೀಕರಣವಾದ ಮೇಲೆಯೇ ಅವನಿಗೆ ಪಿತೃಗಳ ಸಾಲಿನಲ್ಲಿ ಸ್ಥಾನ. ಅಲ್ಲಿಂದ ಮುಂದೆ ತಂದೆ, ಅಜ್ಜ, ಮುತ್ತಜ್ಜ ಈ ಮೂವರು ಪಿಂಡಕ್ಕೆ ಅಧಿಕಾರಿಗಳು. ಇವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ ಎಳ್ಳು, ದರ್ಭೆ, ಅನ್ನಪಿಂಡಗಳಿಂದ ತೃಪ್ತಿಪಡಿಸಬೇಕು. ಇದನ್ನು ಮಾಡಲು ಮೊದಲ ಅಧಿಕಾರ ಪುತ್ರನದು. ‘ಪುತ್’ ಎಂಬ ನರಕದಿಂದ ಪಾರುಮಾಡುವವನೇ ಪುತ್ರನೆಂದು ಆ ಶಬ್ದವನ್ನೇ ಬಿಡಿಸಿ ಹೇಳಿದ್ದಾರೆ.

ಇಲ್ಲಿ ಒಂದು ತೊಡಕು ಏಳುತ್ತದೆ. ಜೀವನು ತನ್ನ ಕರ್ಮಕ್ಕೆ ತಕ್ಕ ಜನ್ಮವನ್ನು ಪಡೆಯುವನೆಂಬುದೂ ಅದೇ ಶಾಸ್ತ್ರಗಳ ಮಾತು. ಹಾಗಾದರೆ ಬೇರೊಂದು ದೇಹದಲ್ಲಿ ಹುಟ್ಟಿರುವವನಿಗೆ ಇಲ್ಲಿಟ್ಟ ಪಿಂಡ ಮುಟ್ಟುವ ಬಗೆ ಹೇಗೆ? ವಸುರುದ್ರಾದಿ ದೇವತೆಗಳೇ ಅದನ್ನು ಅವನಿರುವ ಸ್ಥಿತಿಗೆ ತಕ್ಕ ಆಹಾರವನ್ನಾಗಿಸಿ ತಲುಪಿಸುತ್ತಾರೆಂದು ಸಂಪ್ರದಾಯಸ್ಥರು ಸಮಾಧಾನ ಹೇಳುತ್ತಾರೆ. ಆದರೆ ಒಬ್ಬನ ಕರ್ಮದ ಫಲ ಇನ್ನೊಬ್ಬನ ಕೈಯ ಅನ್ನದಿಂದ ಬದಲಾಗುವುದಾದರೆ ಕರ್ಮನಿಯಮಕ್ಕೆ ಉಳಿಯುವ ಬೆಲೆಯೇನು? ಇದು ಕೇವಲ ನಾಸ್ತಿಕರ ಕುಚೋದ್ಯವಲ್ಲ. ಧರ್ಮಶಾಸ್ತ್ರಗಳ ಇತಿಹಾಸವನ್ನು ಬರೆಯುವುದಕ್ಕೆ ಆಯುಷ್ಯವನ್ನೇ ಸವೆಸಿದ ಭಾರತರತ್ನ ಪಾಂಡುರಂಗ ವಾಮನ ಕಾಣೆಯವರೂ 1953ರಲ್ಲಿ ಪ್ರಕಟವಾದ ತಮ್ಮ ನಾಲ್ಕನೆಯ ಸಂಪುಟದಲ್ಲಿ ಪುನರ್ಜನ್ಮದ ನಂಬಿಕೆಯನ್ನೂ ಪಿಂಡದ ನಂಬಿಕೆಯನ್ನೂ ಹೊಂದಿಸುವುದು ಕಷ್ಟವೆಂದು ಒಪ್ಪಿದ್ದಾರೆ. ಶಾಸ್ತ್ರವನ್ನು ಗೌರವಿಸುವ ಪಂಡಿತರೇ ಬಿಡಿಸಲಾಗದ ಗಂಟನ್ನು ನೀವೇಕೆ ನಿಮ್ಮ ಉಡಿಯಲ್ಲಿ ಕಟ್ಟಿಕೊಳ್ಳುತ್ತೀರಿ?

ಈ ತೊಡಕು ಅವರದು. ಅದನ್ನು ಅವರು ಬಿಡಿಸಿಕೊಳ್ಳಲಿ. ನಮ್ಮ ಸಿದ್ಧಾಂತದಲ್ಲಿಯಾದರೋ ಈ ಪ್ರಶ್ನೆಗೆ ಹುಟ್ಟಲು ಅವಕಾಶವೇ ಇಲ್ಲ. ಭಕ್ತನಿಂದ ಮೊದಲಾದ ಷಟ್‌ಸ್ಥಲ ಐಕ್ಯದಲ್ಲಿ ಮುಗಿಯುತ್ತದೆ. ದೀಕ್ಷಾವಂತನ ಮರಣ ನಮಗೆ ಲಿಂಗೈಕ್ಯ. ಆ ದೇಹವನ್ನು ನಾವು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಇಷ್ಟಲಿಂಗಸಹಿತ ಕುಳ್ಳಿರಿಸಿ, ಬಿಲ್ವಪತ್ರೆ ಏರಿಸಿ ಸಮಾಧಿ ಮಾಡುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದರು. ಸೂತಕವೇ ಇಲ್ಲದ ಮನೆಯಲ್ಲಿ ಪ್ರೇತವೆಲ್ಲಿಂದ ಬಂದೀತು?

ಆದರೂ ಇಂದು ಏನಾಗುತ್ತಿದೆ ನೋಡಿರಿ. ಕರೆಯೋಲೆಯಲ್ಲಿ ‘ಶಿವೈಕ್ಯರಾದರು’ ಎಂದು ಅಚ್ಚು ಹಾಕಿಸುತ್ತೀರಿ. ಅದೇ ವಾರ ನದಿಯ ದಂಡೆಗೆ ಹೋಗಿ ಅದೇ ಹಿರಿಯರನ್ನು ಪ್ರೇತವೆಂದು ಕರೆದು ಪಿಂಡ ಇಡುತ್ತೀರಿ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಅವರು ಶಿವನಲ್ಲಿ ಒಂದಾಗಿದ್ದರೆ ಅವರಿಗೆ ಹಸಿವಿಲ್ಲ. ಅವರಿಗಿನ್ನೂ ಹಸಿವಿದೆಯೆಂದು ನೀವು ನಂಬಿದ್ದರೆ ಅವರ ಎದೆಯ ಮೇಲಿದ್ದ ಲಿಂಗವನ್ನು ನೀವು ನಂಬಿಲ್ಲವೆಂದಾಯಿತು. ಹೆತ್ತವರಿಗೆ ಇದಕ್ಕಿಂತ ದೊಡ್ಡ ಅಗೌರವ ಮತ್ತಾವುದಿದೆ?

‘ಪಿತೃಋಣವೆಂಬುದು ವೇದೋಕ್ತವಲ್ಲವೆ?’ ಎಂದು ಓದಿದವರು ಕೇಳುವುದುಂಟು. ಹೌದು, ತೈತ್ತಿರೀಯ ಸಂಹಿತೆಯಲ್ಲಿ ಮೂರು ಋಣಗಳ ಮಾತಿದೆ. ಆದರೆ ಅಲ್ಲಿ ಹೇಳಿರುವುದನ್ನು ಪೂರ್ತಿಯಾಗಿ ಓದಬೇಕು. ಋಷಿಗಳ ಋಣ ತೀರುವುದು ಬ್ರಹ್ಮಚರ್ಯದಿಂದ, ದೇವತೆಗಳದು ಯಜ್ಞದಿಂದ, ಪಿತೃಗಳದು ಸಂತಾನದಿಂದ. ಆ ವಾಕ್ಯದಲ್ಲಿ ಪಿಂಡದ ಹೆಸರಿಲ್ಲ. ತಮ್ಮನ್ನು ಬೆಳೆಸಿದವರ ಋಣವನ್ನು ಮುಂದಿನವರನ್ನು ಬೆಳೆಸಿ ತೀರಿಸಬೇಕೆಂಬ ಅರ್ಥವನ್ನು ಅದರಿಂದ ತೆಗೆದರೆ ಯಾವ ವೈದಿಕನೂ ಮುನಿಯಲಾರನು.

ಇನ್ನೊಂದು ಸಂಗತಿ ನಮ್ಮ ನೆಲದ್ದೇ. ಶರಣರಿಗಿಂತ ಸ್ವಲ್ಪ ಮೊದಲು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ‘ಸಪಿಂಡ’ ಎಂದರೆ ಪಿಂಡ ಹಾಕುವ ಸಂಬಂಧವುಳ್ಳವರು ಎಂದು ಮುಂದೆ ವಂಗದೇಶದ ಜೀಮೂತವಾಹನನ ಪರಂಪರೆ ಅರ್ಥ ಮಾಡಿ, ದಾಯಭಾಗವನ್ನು ಅದರ ಮೇಲೆ ನಿಲ್ಲಿಸಿತು. ನಮ್ಮ ವಿಜ್ಞಾನೇಶ್ವರನು ಹಾಗೆ ಮಾಡಲಿಲ್ಲ. ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದನು. ಅವನು ಶ್ರಾದ್ಧವನ್ನು ನಿರಾಕರಿಸಿದವನಲ್ಲ, ನಿಜ. ಆದರೂ ಬಂಧುತ್ವವನ್ನು ಅವನು ಅನ್ನದ ಉಂಡೆಯಲ್ಲಿ ಕಾಣಲಿಲ್ಲ, ರಕ್ತಮಾಂಸದಲ್ಲಿ ಕಂಡನು. ತಂದೆಯ ಅಂಶ ನಿಮ್ಮ ದೇಹದಲ್ಲಿಯೇ ಇರುವಾಗ ಅದನ್ನು ಕಾಗೆಯ ಕೊಕ್ಕಿನಲ್ಲಿ ಹುಡುಕುವುದೇಕೆ?

ತತ್ತ್ವದ ಮಾತು ಸಾಕು, ವ್ಯವಹಾರಕ್ಕೆ ಬರೋಣ. ‘ಸ್ವಾಮಿಗಳೆ, ಮಾಡಿದರೆ ಹಾನಿಯೇನು?’ ಎಂದು ಕೇಳುವವರು ಹಲವರು. ಹಾನಿ ಇದೆ. ಮಗಳ ಮದುವೆ ತಡವಾದರೆ ಪಿತೃದೋಷ, ಬೆಳೆ ಬಾರದಿದ್ದರೆ ಪಿತೃದೋಷ, ಮಗು ಜ್ವರದಿಂದ ನರಳಿದರೆ ಪಿತೃದೋಷ. ಆಸ್ಪತ್ರೆಗೆ ಹೋಗಬೇಕಾದವನು ಜೋಯಿಸನ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ನಾರಾಯಣಬಲಿ, ತ್ರಿಪಿಂಡಿ ಎಂದು ಪಟ್ಟಿ ಬೆಳೆಯುತ್ತದೆ. ತಾಳಿಯ ಗುಂಡು ಅಡವಿಟ್ಟು ಹಣ ತಂದವರನ್ನು ನಾವು ಬಲ್ಲೆವು. ಮಕ್ಕಳಿಗಾಗಿ ತಾನು ಹರಕು ಉಟ್ಟು ಬದುಕಿದ ತಾಯಿ ಸತ್ತ ಮೇಲೆ ಅದೇ ಮಕ್ಕಳನ್ನು ಕಾಡುವಳೆಂದು ಯಾರೋ ಹೇಳಿದರೆ, ನೀವು ಸಿಟ್ಟಾಗಬೇಕಲ್ಲದೆ ಹೆದರಬಹುದೆ? ಬದುಕಿರುವಾಗ ಕರುಣೆಯ ಮೂರ್ತಿಯಾಗಿದ್ದವಳನ್ನು ಸತ್ತ ಮೇಲೆ ಸಾಲಗಾರನಂತೆ ಚಿತ್ರಿಸುವ ಈ ಭಯವೇ ದೊಡ್ಡ ದೋಷ.

ಆಡಂಬರಕ್ಕಂತೂ ಸ್ಮೃತಿಯ ಆಸರೆಯೂ ಇಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯ ದೇವಕಾರ್ಯಕ್ಕೆ ಇಬ್ಬರಿಗೆ, ಪಿತೃಕಾರ್ಯಕ್ಕೆ ಮೂವರಿಗೆ ಉಣಿಸಿದರೆ ಸಾಕು, ಸಿರಿವಂತನಾದರೂ ಇದನ್ನು ವಿಸ್ತರಿಸಬಾರದೆಂದು ವಿಧಿಸುತ್ತದೆ. ಸಾಲ ಮಾಡಿ ಊರಿಗೆಲ್ಲ ತಿಥಿಯೂಟ ಹಾಕುವವರು ಮನುವಿನ ಮಾತನ್ನೂ ಕೇಳಲಿಲ್ಲ, ಬಸವಣ್ಣನವರ ಮಾತನ್ನೂ ಕೇಳಲಿಲ್ಲ. ನಮ್ಮವರ ಗಣಾರಾಧನೆಗಳೂ ಕೆಲವೆಡೆ ಇದೇ ದಾರಿ ಹಿಡಿದಿವೆ. ಶಾಮಿಯಾನ, ಭಕ್ಷ್ಯಗಳ ಸಾಲು, ಗಣ್ಯರ ಭಾಷಣ; ಹೆಸರು ಬದಲಾದರೆ ಸಾಲ ಸಣ್ಣದಾಗುವುದಿಲ್ಲ.

ಮತ್ತೊಂದು ಹಾನಿ ಹೆಣ್ಣುಮಕ್ಕಳಿಗೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿತು. ಕಾನೂನು ಒಪ್ಪಿದ್ದನ್ನು ಮನಸ್ಸು ಒಪ್ಪಲಿಲ್ಲ. ‘ಪಿಂಡ ಹಾಕಲು ಗಂಡು ಬೇಕು’ ಎಂಬ ಒಂದೇ ಮಾತು ಎಷ್ಟು ಬಸಿರುಗಳನ್ನು ಕಣ್ಣೀರಿನಲ್ಲಿ ನೆನೆಸಿದೆ! ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕಟ್ಟಿದ ಧರ್ಮದವರ ಮನೆಯಲ್ಲಿ ಈ ಮಾತು ಕೇಳಿಬರುವುದು ನಾಚಿಕೆಗೇಡು. ಗಂಡುಸಂತಾನವಿಲ್ಲದ ಶರಣದಂಪತಿಗಳಿಗೆ ಸದ್ಗತಿಯಿಲ್ಲವೆನ್ನುವ ಧೈರ್ಯ ನಿಮಗಿದೆಯೆ?

ಇನ್ನು ಬದುಕಿರುವವರ ಪಾಡು. 2007ರಲ್ಲಿ ನಮ್ಮ ಸಂಸತ್ತು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಶಾಸನ ಮಾಡಬೇಕಾಯಿತು. ವೃದ್ಧರನ್ನು ಬೀದಿಗೆ ಬಿಟ್ಟವರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದೆಂದು ಬರೆಯಬೇಕಾಯಿತು. ಸತ್ತವರಿಗೆ ಅನ್ನವಿಡಲು ಯಾವ ಪೊಲೀಸನೂ ಬೇಕಾಗಿಲ್ಲ. ಇದ್ದವರಿಗೆ ಅನ್ನವಿಡಲು ನ್ಯಾಯಮಂಡಳಿ ಬೇಕಾಗಿದೆ. ವಾಚಕರೆ, ಇದರ ಮುಂದೆ ನಾವು ಬೇರೆ ವಾದವನ್ನೇ ಹೂಡಬೇಕಾಗಿಲ್ಲ. ಮಹಾಲಯದ ದಿನ ಎಲೆಯಲ್ಲಿ ಬಡಿಸಿದ ಹೋಳಿಗೆಯನ್ನು, ಹಲ್ಲಿದ್ದಾಗ ಆ ತಂದೆಗೆ ಎಷ್ಟು ಸಲ ಬಡಿಸಿದಿರಿ? ನಿಮ್ಮ ಲೆಕ್ಕ ನಿಮ್ಮಲ್ಲಿಯೇ ಇರಲಿ.

ಹಾಗಾದರೆ ಹಿರಿಯರನ್ನು ಮರೆಯಬೇಕೆ? ಎಂದಿಗೂ ಇಲ್ಲ. ಹಳ್ಳಿಯ ಮನೆಯಲ್ಲಿ ಹಿರಿಯರ ಹಬ್ಬದಂದು ಧೂಪ ಹಾಕಿ ಅಜ್ಜಿಯ ಹೆಸರು ಹೇಳಿ ಕಣ್ಣೊರೆಸಿಕೊಳ್ಳುವ ಮುಗ್ಧೆಯನ್ನು ನಾವು ಗದರಿಸಲಾರೆವು. ಸ್ಮರಣೆ ಬೇರೆ, ಭಯ ಬೇರೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ, ಮಠದ ಮಕ್ಕಳು ಉಂಡ ಮೇಲೆಯೇ ಆ ವಾರ್ತೆಯನ್ನು ತಿಳಿಸಬೇಕೆಂಬುದು ಪೂಜ್ಯರ ಇಚ್ಛೆಯಾಗಿತ್ತೆಂಬುದನ್ನು ನಾಡೆಲ್ಲ ಕೇಳಿತು. ಹೋಗುವವರು ತಮಗೆ ಅನ್ನ ಬೇಡಲಿಲ್ಲ; ಉಳಿಯುವವರ ಅನ್ನ ತಪ್ಪಬಾರದೆಂದರು. ಇದಕ್ಕಿಂತ ಸ್ಪಷ್ಟವಾದ ಉಪದೇಶ ನಿಮಗೆ ಬೇಕೆ?

ಆದುದರಿಂದ ಹಿರಿಯರ ಪುಣ್ಯದಿನದಂದು ಮನೆಮಂದಿಯೆಲ್ಲ, ಸೊಸೆ ಮಗಳೆನ್ನದೆ, ಕೂಡಿ ಇಷ್ಟಲಿಂಗಪೂಜೆ ಮಾಡಿರಿ. ಅವರು ಬಾಳಿದ ಬಗೆಯನ್ನು ಮಕ್ಕಳಿಗೆ ಹೇಳಿರಿ. ಸಾಲ ಮಾಡದಿರಿ. ಕೈಲಾದಷ್ಟು ಹಣವನ್ನು ಒಬ್ಬ ಬಡ ವಿದ್ಯಾರ್ಥಿಯ ಊಟಕ್ಕೋ ಪುಸ್ತಕಕ್ಕೋ ಕೊಡಿರಿ. ಅದು ನಮ್ಮ ಮಠದ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಉಂಡ ಅನ್ನವೂ ಯಾರೋ ತಮ್ಮ ಹಿರಿಯರ ನೆನಪಿಗೆ ಕೊಟ್ಟ ಜೋಳ, ಅಕ್ಕಿಗಳಿಂದ ಆದುದು. ಆ ಅನ್ನ ನಿಜವಾಗಿ ಮುಟ್ಟಬೇಕಾದವರಿಗೆ ಮುಟ್ಟಿತು; ಅದಕ್ಕೆ ನೀವೇ ಸಾಕ್ಷಿ.

ಸರ್ವರಿಗೂ ಶಿವನು ಈ ವಿವೇಕವನ್ನು ಕರುಣಿಸಲಿ.